ಆಕಾಶದ ರೇಡಾರು, ಮಲೆನಾಡಿನ ಮಳೆ
(ದತ್ತಿ ಉಪನ್ಯಾಸ)



ಉಪಗ್ರಹದ ರೇಡಾರಿಗೆ ಸಿಗುವುದು ಮಳೆಹನಿಗಳ ಪ್ರತಿಧ್ವನಿ ಮಾತ್ರ. ಅದನ್ನು ಮಿಲಿಮೀಟರ್ ಲೆಕ್ಕಕ್ಕೆ ತರಬೇಕಾದರೆ ಕೆಲವು ಊಹೆಗಳನ್ನು ಮಾಡಿಕೊಳ್ಳಲೇಬೇಕು. ಈ ಊಹೆಗಳು ನಮ್ಮ ಮಲೆನಾಡಿನಲ್ಲಿ ಏಕೆ ಎಡವುತ್ತವೆ ಎಂಬುದೇ ಇಂದಿನ ವಿಷಯ.

ಮಳೆ ನೋಡುವ ರೇಡಾರನ್ನು ಮೊದಲು ಬಾಹ್ಯಾಕಾಶಕ್ಕೆ ಒಯ್ದದ್ದು ಅಮೆರಿಕ ಮತ್ತು ಜಪಾನಿನ ಜಂಟಿ ಉಪಗ್ರಹ ಟಿ.ಆರ್.ಎಂ.ಎಂ. 1997ರ ನವೆಂಬರಿನಲ್ಲಿ ತನೆಗಾಶಿಮಾದಿಂದ ಹಾರಿದ ಅದು 2015ರವರೆಗೆ ದುಡಿಯಿತು. ಅದರ ಉತ್ತರಾಧಿಕಾರಿ ಜಿ.ಪಿ.ಎಂ. 2014ರ ಫೆಬ್ರವರಿಯಲ್ಲಿ ಕಕ್ಷೆ ಸೇರಿತು. 400 ಕಿ.ಮೀ.ಗೂ ಹೆಚ್ಚು ಎತ್ತರದಿಂದ ಕೆಳಕ್ಕೆ ಬಿಟ್ಟ ಇದರ ಒಂದೊಂದು ಕಿರಣವೂ ನೆಲ ಮುಟ್ಟುವಾಗ ಸುಮಾರು 5 ಕಿ.ಮೀ. ಅಗಲಕ್ಕೆ ಹರಡಿರುತ್ತದೆ.

ಈಗ ಒಂದು ಸಣ್ಣ ಲೆಕ್ಕ. ಹನಿಯ ನೀರು ಅದರ ವ್ಯಾಸದ ಮೂರನೇ ಘಾತಕ್ಕೆ ತಕ್ಕಂತೆ ಹೆಚ್ಚಿದರೆ, ಪ್ರತಿಧ್ವನಿ ಆರನೇ ಘಾತಕ್ಕೆ ತಕ್ಕಂತೆ ಹೆಚ್ಚುತ್ತದೆ. ಹಾಗಾಗಿ 4 ಮಿ.ಮೀ. ವ್ಯಾಸದ ಒಂದೇ ಹನಿ, 2 ಮಿ.ಮೀ. ವ್ಯಾಸದ 64 ಹನಿಗಳಷ್ಟು ಪ್ರತಿಧ್ವನಿ ಕೊಡುತ್ತದೆ. ಆದರೆ ಆ 64 ಹನಿಗಳಲ್ಲಿ ಎಂಟು ಪಟ್ಟು ಹೆಚ್ಚು ನೀರಿದೆ! ಹನಿಗಳ ಗಾತ್ರ ತಿಳಿಯದೆ ಮಳೆಯ ಪ್ರಮಾಣ ಹೇಳುವಂತಿಲ್ಲ. 1948ರಲ್ಲಿ ಮಾರ್ಷಲ್ ಮತ್ತು ಪಾಮರ್ ಹನಿಗಳ ಗಾತ್ರದ ಹಂಚಿಕೆಗೆ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಆದರೆ ಎಲ್ಲ ಮಳೆಯೂ ಅದಕ್ಕೆ ಬಗ್ಗುವುದಿಲ್ಲ. ಜಿ.ಪಿ.ಎಂ. ಹೊತ್ತಿರುವ ರೇಡಾರು 13.6 ಮತ್ತು 35.5 ಗಿಗಾಹರ್ಟ್ಸ್ ಎಂಬ ಎರಡು ಆವರ್ತನಗಳಲ್ಲಿ ನೋಡುವುದು ಇದಕ್ಕಾಗಿಯೇ. ದೊಡ್ಡ ಹನಿಗಳು ಈ ಎರಡಕ್ಕೂ ಬೇರೆ ಬೇರೆ ರೀತಿ ಪ್ರತಿಕ್ರಿಯಿಸುತ್ತವೆ. ಆ ವ್ಯತ್ಯಾಸದಿಂದ ಗಾತ್ರದ ಸುಳಿವು ಸಿಗುತ್ತದೆ.

ಇನ್ನೊಂದು ತೊಡಕು, ಮಳೆಯೇ ಕಿರಣವನ್ನು ಹೀರಿಬಿಡುವುದು. ಸಮುದ್ರದ ಮೇಲೆ ಇದಕ್ಕೊಂದು ಜಾಣ ಉಪಾಯವಿದೆ. ಮಳೆಯಿಲ್ಲದಾಗ ನೀರಿನ ಮೇಲ್ಮೈಯಿಂದ ಎಷ್ಟು ಪ್ರತಿಧ್ವನಿ ಬರುತ್ತದೆಂಬುದು ಗೊತ್ತಿರುವುದರಿಂದ, ಮಳೆಯಲ್ಲಿ ಅದು ಎಷ್ಟು ಕುಗ್ಗಿತೆಂದು ನೋಡಿ ನಷ್ಟ ತುಂಬಿಕೊಳ್ಳಬಹುದು.

ಘಟ್ಟಕ್ಕೆ ಬಂದರೆ ಈ ಸೌಕರ್ಯವೂ ಕೈಕೊಡುತ್ತದೆ. ಏರುತಗ್ಗಿನ ನೆಲದ ಪ್ರತಿಧ್ವನಿ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಅದು ಎಷ್ಟು ಬಲವೆಂದರೆ, ಓರೆಯಾಗಿ ಬಿದ್ದ ಕಿರಣಕ್ಕೆ ನೆಲಕ್ಕೆ ತಾಗಿದ ಒಂದೆರಡು ಕಿ.ಮೀ. ಎತ್ತರದ ಮಳೆ ಕಾಣುವುದೇ ಇಲ್ಲ. ಅರಬ್ಬಿ ಸಮುದ್ರದ ತೇವದ ಗಾಳಿ ಬೆಟ್ಟ ಹತ್ತುವಾಗ ಸುರಿಯುವ ಮುಂಗಾರಿನ ಬಹುಪಾಲು ಮಳೆ ಹುಟ್ಟುವುದು ತಗ್ಗಿನ ಮೋಡಗಳಲ್ಲಿ, ಸಣ್ಣ ಹನಿಗಳಾಗಿ. ರೇಡಾರು ಇಲ್ಲದ ವೇಳೆ ನೆಲದ ಮೇಲಿನ ಮಳೆಯನ್ನು ಅಂದಾಜಿಸುವ ಮೈಕ್ರೋವೇವ್ ಉಪಕರಣಗಳು ಮೋಡದ ಮೇಲ್ಭಾಗದ ಹಿಮಕಣಗಳನ್ನೇ ನೆಚ್ಚಿಕೊಂಡಿವೆ. ಈ ಮೋಡಗಳಲ್ಲಿ ಹಿಮವೇ ಕಡಿಮೆ. ಹೀಗಾಗಿ ಆಗುಂಬೆಯಂಥ ಊರಿನ ಜಡಿಮಳೆ ಉಪಗ್ರಹದ ನಕ್ಷೆಯಲ್ಲಿ ಸಾಧಾರಣ ಮಳೆಯಂತೆ ಕಾಣಬಹುದು.

ಹಾಗೆಂದು ರೇಡಾರನ್ನು ಹಳಿಯಬೇಕಿಲ್ಲ. ಮಳೆಮಾಪಕ ಇಡಲಾಗದ ಸಾಗರಗಳ ಮೇಲೆ ಅದರಷ್ಟು ಸ್ಪಷ್ಟವಾದ ಸಾಕ್ಷಿ ಇನ್ನೊಂದಿಲ್ಲ. ಇತರ ಉಪಗ್ರಹಗಳ ಅಂದಾಜನ್ನು ತಿದ್ದುವ ಅಳತೆಗೋಲೂ ಅದೇ. ಆದರೆ ನಮ್ಮ ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರ ನಿಂತಿರುವುದು ಪಂಚಾಯಿತಿ ಮಟ್ಟದ ಮಳೆಮಾಪಕದ ಲೆಕ್ಕದ ಮೇಲೆ. ಅದು ಕೆಟ್ಟು ನಿಂತಾಗ ಉಪಗ್ರಹದ ಅಂಕಿಯನ್ನು ತಂದು ಆ ಜಾಗಕ್ಕೆ ಕೂರಿಸಿದರೆ ಮಲೆನಾಡಿನ ಬೆಳೆಗಾರನಿಗೆ ಅನ್ಯಾಯವಾದೀತು. ಉಪಗ್ರಹಕ್ಕೆ ಹಾಕುವ ಹಣದ ಜೊತೆಗೇ ಮಾಪಕದ ಆಲಿಕೆಗೆ ಬಿದ್ದ ಎಲೆ ತೆಗೆಯುವವರ ಸಂಬಳಕ್ಕೂ ಬಜೆಟ್ಟಿನಲ್ಲಿ ಜಾಗವಿರಲಿ ಎಂಬುದು ನನ್ನ ಕೋರಿಕೆ.