ಲೆಕ್ಕದ ಪುಸ್ತಕ ಯಾರ ಕೈಯಾಗ ಐತಿ?

(ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಸಭೆಯಲ್ಲಿ ನೀವು ಪ್ರತಿ ವಾರ ಉಳಿತಾಯ, ಸಾಲ, ಬಡ್ಡಿಯ ಬಗ್ಗೆ ಮಾತಾಡ್ತೀರಿ. ಇವತ್ತು ಅದೇ ಮಾತನ್ನು ಸುಮಾರು 150 ವರ್ಷ ಹಿಂದಕ್ಕೆ ಒಯ್ಯೋಣ. ಆಗ ನಮ್ಮ ಎರೆ ಹೊಲದ ಸೀಮೆಗೂ ದೂರದ ಅಮೆರಿಕಕ್ಕೂ ಒಂದು ನಂಟು ಇತ್ತು. ಅದು ಹತ್ತಿಯ ನಂಟು.

ಅಮೆರಿಕದಲ್ಲಿ ಗುಲಾಮಗಿರಿಯ ಕಾರಣಕ್ಕೆ ಉತ್ತರದವರಿಗೂ ದಕ್ಷಿಣದವರಿಗೂ 1861ರಿಂದ 1865ರವರೆಗೆ ಯುದ್ಧ ನಡೆಯಿತು. ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತುಹೋಯಿತು. ಆಗ ಗಿರಣಿಯವರ ಕಣ್ಣು ಮುಂಬಯಿ ಪ್ರಾಂತದ ಹತ್ತಿಯ ಮೇಲೆ ಬಿತ್ತು. ನಮ್ಮ ಜಿಲ್ಲೆಯೂ ಆಗ ಅದೇ ಪ್ರಾಂತದಲ್ಲಿತ್ತು. ಹತ್ತಿಯ ಧಾರಣೆ ಒಮ್ಮೆಲೇ ಏರಿತು. ಬೆಲೆ ಬಂದೈತಿ ಅಂತ ಸಾವಕಾರರು ಕೇಳಿದಷ್ಟು ಸಾಲ ಕೊಟ್ಟರು. ಯುದ್ಧ ಮುಗಿಯಿತು, ಧಾರಣೆ ಬಿತ್ತು. ಆದರೆ ಸಾಲ ಹಾಗೇ ಉಳಿಯಿತು, ಸರ್ಕಾರದ ಕಂದಾಯವೂ ನಿಲ್ಲಲಿಲ್ಲ.

ಅದರ ಬೆನ್ನಿಗೇ 1876ರಿಂದ 1878ರವರೆಗೆ ದೊಡ್ಡ ಬರ ಬಿತ್ತು. ಆಗ ಜಿಲ್ಲೆಯ ಮುಖ್ಯ ಕಚೇರಿ ಕಲಾದಗಿಯಲ್ಲಿತ್ತು, ವಿಜಾಪುರಕ್ಕೆ ಬಂದದ್ದು 1885ರಲ್ಲಿ. 1872 ಮತ್ತು 1881ರ ಜನಗಣತಿ ಹೋಲಿಸಿ ನೋಡಿದರೆ ಈ ಜಿಲ್ಲೆಯ ಜನ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆಯಾಗಿದ್ದರು. ಕೆಲವರು ಸತ್ತರು, ಕೆಲವರು ಊರು ಬಿಟ್ಟು ಗುಳೆ ಹೋದರು. ಉಳಿದವರ ಹೊಲದ ಮೇಲೆ ಸಾಲದ ಕಾಗದ ಇತ್ತು.

ಆ ಕಾಗದದಾಗ ಏನು ಬರೆದೈತಿ ಅಂತ ಹೆಬ್ಬಟ್ಟು ಒತ್ತಿದವನಿಗೆ ಗೊತ್ತಿರಲಿಲ್ಲ. ಅಸಲು ಎಷ್ಟು, ಬಡ್ಡಿ ಎಷ್ಟು, ಕಟ್ಟಿದ್ದು ಎಷ್ಟು, ಎಲ್ಲವೂ ಸಾವಕಾರನ ಪುಸ್ತಕದೊಳಗೆ. ಬರಕ್ಕಿಂತ ಮೊದಲೇ, 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಊರಲ್ಲಿ ರೈತರು ದಂಗೆ ಎದ್ದರು. ದಂಗೆ ಅಹಮದ್‌ನಗರ ಜಿಲ್ಲೆಗೂ ಹಬ್ಬಿತು. ಅವರು ಮುಖ್ಯವಾಗಿ ಕೇಳಿದ್ದು ಬಂಗಾರವನ್ನಲ್ಲ, ಸಾಲದ ಕಾಗದಗಳನ್ನು. ಸಿಕ್ಕ ಕಾಗದಗಳನ್ನು ಸುಟ್ಟರು.

ಸರ್ಕಾರ 1879ರಲ್ಲಿ ದಖನ್ ರೈತರ ಪರಿಹಾರ ಕಾಯಿದೆ ತಂದಿತು. ಮೊದಲು ಪುಣೆ, ಸಾತಾರಾ, ಅಹಮದ್‌ನಗರ ಮತ್ತು ಇಂಡಿಯವರಿಗೆ ನೆರೆಯಾದ ಸೋಲಾಪುರ ಜಿಲ್ಲೆಗಳಿಗೆ ಅದು ಬಂತು. ಕಾಗದದಲ್ಲಿ ಬರೆದದ್ದನ್ನೇ ನಂಬದೆ ಸಾಲದ ಪೂರ್ತಿ ಇತಿಹಾಸವನ್ನು ಕೋರ್ಟು ವಿಚಾರಿಸಬೇಕು, ಕಟ್ಟಿದ ಹಣಕ್ಕೆ ರಸೀದಿ ಕೊಡಬೇಕು, ವರ್ಷಕ್ಕೊಮ್ಮೆ ಲೆಕ್ಕ ಕೊಡಬೇಕು, ರೈತ ಕೇಳಿದರೆ ಪಾಸ್‌ಬುಕ್ ಬರೆದುಕೊಡಬೇಕು ಎಂದು ಅದರಲ್ಲಿತ್ತು. ನೋಡ್ರಿ, ನಿಮ್ಮ ಕೈಯಲ್ಲಿರುವ ಪಾಸ್‌ಬುಕ್ ಅಷ್ಟು ಹಳೆಯ ಹಕ್ಕು!

ಆದರೆ ಕಾಯಿದೆಯಿಂದ ಎಲ್ಲವೂ ಸರಿಯಾಗಲಿಲ್ಲ. ಕೋರ್ಟು ಅನ್ಯಾಯದ ಬಡ್ಡಿಯನ್ನು ಕಡಿಮೆ ಮಾಡಬಹುದು. ಮುಂಗಾರಿಗೆ ಬೀಜ ಕೊಳ್ಳಲು ರೊಕ್ಕ ಕೊಡುವವರು ಯಾರು? ರೈತ ಮತ್ತೆ ಅದೇ ಬಾಗಿಲಿಗೆ ಹೋಗಬೇಕಾಯಿತು.

ಇನ್ನು ಅಮೆರಿಕದ ಹತ್ತಿ ಬೆಳೆಗಾರರ ಗತಿ ಏನಾಯಿತು? ಗುಲಾಮಗಿರಿ ಹೋಯಿತು, ಆದರೆ ಬಿಡುಗಡೆಯಾದ ಕಪ್ಪು ಜನರಿಗೆ ಹೊಲ ಸಿಗಲಿಲ್ಲ. ಅವರೂ ಬಡ ಬಿಳಿಯರೂ ಅಂಗಡಿಯವನಿಂದ ಹಿಟ್ಟು, ಬಟ್ಟೆ, ಬೀಜ ಉದ್ರಿ ತಂದು, ಹೊಲದಲ್ಲಿ ನಿಂತ ಬೆಳೆಯನ್ನೇ ಒತ್ತೆ ಇಡುತ್ತಿದ್ದರು. ಉದ್ರಿಯ ಬೆಲೆ ರೋಖಡಿ ಬೆಲೆಗಿಂತ ಹೆಚ್ಚು. ಸುಗ್ಗಿಯಲ್ಲಿ ಅಂಗಡಿಯವನು ಪುಸ್ತಕ ತೆಗೆದು, ಇನ್ನೂ ಬಾಕಿ ಐತಿ ಅನ್ನುತ್ತಿದ್ದ. ಅಲ್ಲಿಯೂ ಪುಸ್ತಕ ಸಾಲ ಕೊಟ್ಟವನ ಕೈಯಲ್ಲೇ ಇತ್ತು.

ಅದೇ ದೇಶದಲ್ಲಿ ಅದೇ ಕಾಲಕ್ಕೆ ಸಂಪತ್ತು ಕೆಲವರ ಮನೆಯಲ್ಲಿ ಗುಡ್ಡೆ ಬೀಳುತ್ತಿತ್ತು. ರಾಕ್‌ಫೆಲ್ಲರ್ ಎಂಬಾತ 1870ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ಕಟ್ಟಿದ. ರೈಲ್ವೆಯವರಿಂದ ಗುಟ್ಟಾಗಿ ಬಾಡಿಗೆಯಲ್ಲಿ ರಿಯಾಯಿತಿ ಪಡೆದು ಬೇರೆಯವರನ್ನು ಹಿಂದೆ ಹಾಕಿದ. ಸುಮಾರು 1880ರ ಹೊತ್ತಿಗೆ ಆ ದೇಶದ ಚಿಮಣಿ ಎಣ್ಣೆಯ ವ್ಯಾಪಾರದಲ್ಲಿ ನೂರಕ್ಕೆ 90ರಷ್ಟು ಅವನ ಹಿಡಿತದಲ್ಲಿತ್ತು. ಇಂಥ ಕಂಪನಿಗಳನ್ನು ತಡೆಯಲು 1890ರಲ್ಲಿ ಕಾಯಿದೆ ಬಂತು. ಆದರೆ ಆ ಕಂಪನಿಯನ್ನು ಒಡೆಯಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 1911ರಲ್ಲಿ. 21 ವರ್ಷ ಹಿಡಿಯಿತು.

ರೈತರು ಸುಮ್ಮನೆ ಕೂಡಲಿಲ್ಲ. ಟೆಕ್ಸಾಸ್ ರಾಜ್ಯದಲ್ಲಿ 1877ರ ಸುಮಾರಿಗೆ ರೈತರ ಒಕ್ಕೂಟ ಹುಟ್ಟಿತು. ಕೂಡಿ ಹತ್ತಿ ಮಾರುವುದು, ಕೂಡಿ ಸಾಮಾನು ಕೊಳ್ಳುವುದು ಅದರ ಕೆಲಸ. ಹೆಣ್ಣುಮಕ್ಕಳು ಅದರಲ್ಲಿ ಸದಸ್ಯರಾಗಿದ್ದರು, ಸಭೆಗಳಲ್ಲಿ ಭಾಷಣ ಮಾಡುತ್ತಿದ್ದರು. ಅಮೆರಿಕದ ಎಲ್ಲ ರಾಜ್ಯಗಳ ಹೆಂಗಸರಿಗೆ ಓಟಿನ ಹಕ್ಕು ಖಾತ್ರಿಯಾಗಿದ್ದು 1920ರಲ್ಲಿ. ಓಟು ಇಲ್ಲದಿದ್ದರೂ ಅವರು ಬಾಯಿ ಮುಚ್ಚಿಕೊಂಡು ಕೂಡಲಿಲ್ಲ. ಈ ರೈತರು ಕಟ್ಟಿದ ಪಕ್ಷ 1892ರ ಚುನಾವಣೆಯಲ್ಲಿ 10 ಲಕ್ಷಕ್ಕಿಂತ ಹೆಚ್ಚು ಓಟು ಪಡೆಯಿತು.

ಆದರೂ ಆ ಚಳವಳಿ ಬಿದ್ದುಹೋಯಿತು. ಒಂದು ಕಾರಣವನ್ನು ನಾವು ಮರೆಯಬಾರದು. ಬಿಳಿಯರ ಒಕ್ಕೂಟದಲ್ಲಿ ಕಪ್ಪು ರೈತರಿಗೆ ಜಾಗ ಇರಲಿಲ್ಲ. ಅವರು 1886ರಲ್ಲಿ ಬೇರೆ ಒಕ್ಕೂಟ ಮಾಡಿಕೊಳ್ಳಬೇಕಾಯಿತು. ಸಾಲ ಇಬ್ಬರದ್ದೂ ಒಂದೇ, ಆದರೆ ಕೂಡುವ ಚಾಪೆ ಬೇರೆ ಬೇರೆ. ಒಡೆದವರನ್ನು ಸೋಲಿಸುವುದು ಸುಲಭ. ನಮ್ಮ ಊರಾಗ ಈ ಓಣಿಯ ಸಂಘ ಆ ಕೇರಿಯ ಸಂಘದ ಜೊತೆ ಕೂಡಲು ಹಿಂದೆ ಮುಂದೆ ನೋಡಿದರೆ ನಮಗೂ ಅದೇ ಗತಿ. ಕೂಡಿ ಉಣ್ಣುವುದನ್ನು, ಕಾಯಕವನ್ನು, ದಾಸೋಹವನ್ನು ಹೇಳಿಕೊಟ್ಟ ಬಸವಣ್ಣನವರ ಬಾಗೇವಾಡಿ ನಮ್ಮದು. ನಮಗೆ ಇದನ್ನು ಬೇರೆ ಹೇಳಬೇಕಾಗಿಲ್ಲ.

ಧರ್ಮಸಭೆಯೂ ಆಗ ಸುಮ್ಮನಿರಲಿಲ್ಲ. 1891ರ ಮೇ 15ರಂದು ಹದಿಮೂರನೆಯ ಲಿಯೋ ಜಗದ್ಗುರುಗಳು ದುಡಿಯುವವರ ಬಗ್ಗೆ ವಿಶ್ವಪತ್ರ ಬರೆದರು. ದುಡಿಯುವವನಿಗೆ ಸಂಸಾರ ನಡೆಯುವಷ್ಟು ಕೂಲಿ ಸಿಗಬೇಕು, ಸಂಘ ಕಟ್ಟಿಕೊಳ್ಳುವುದು ಅವನ ಹಕ್ಕು ಎಂದು ಸಾರಿದರು. ನಮ್ಮ ಸಂಸ್ಥೆಯಂಥ ಸಮಾಜ ಸೇವಾ ಸಂಸ್ಥೆಗಳಿಗೆ ಅದು ಇಂದಿಗೂ ಬುನಾದಿ.

ನಮ್ಮ ನಾಡಿನಲ್ಲಿ ಸಾವಕಾರನ ಬಾಗಿಲಿಗೆ ಬದಲಾಗಿ ಇನ್ನೊಂದು ಬಾಗಿಲು ತೆರೆದದ್ದು ಸಹಕಾರದಿಂದ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. 1905ರಲ್ಲಿ ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಸಂಘ ಕಟ್ಟಿದರು. ವಿಜಾಪುರದಲ್ಲಿ ವಚನಗಳನ್ನು ಹುಡುಕಿ ಅಚ್ಚು ಹಾಕಿಸಿದ ವಕೀಲ ಫ.ಗು. ಹಳಕಟ್ಟಿಯವರು 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಕಟ್ಟಿದರು. ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸವನ್ನು ನಬಾರ್ಡ್ 1992ರಲ್ಲಿ ಶುರು ಮಾಡಿತು. ಆ ಸಾಲಿನಲ್ಲಿ ಇವತ್ತು ಕುಳಿತವರು ನೀವು.

ಈಗ ನಮ್ಮ ಬಾಗಿಲಿಗೆ ಬರೋಣ. ಸಾವಕಾರನ ಜಾಗದಲ್ಲಿ ಮೋಟಾರ್ ಸೈಕಲ್ ಮೇಲೆ ಬರುವ ಫೈನಾನ್ಸಿನವರು ಇದ್ದಾರೆ. ಒಂದರ ಕಂತು ಕಟ್ಟಲು ಇನ್ನೊಂದರಿಂದ ಸಾಲ ತೆಗೆದ ಅಕ್ಕಂದಿರು ನಮ್ಮ ಊರುಗಳಲ್ಲಿ ಇದ್ದಾರೆ, ಹೌದಿಲ್ಲೋ? ಮರ್ಯಾದೆಗೆ ಅಂಜಿ ಯಾರಿಗೂ ಹೇಳುವುದಿಲ್ಲ. ಹೇಳದಿದ್ದರೆ ಸಾಲ ಬೆಳೆಯುತ್ತದೆ.

ಕಾಯಿದೆ ನಿಮ್ಮ ಕಡೆ ಇದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಕಿರುಸಾಲ ಕೊಡುವವರು ನಿಮಗೆ ತಿಳಿಯುವ ಭಾಷೆಯಲ್ಲಿ ಸಾಲದ ಕಾರ್ಡು ಕೊಡಬೇಕು. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಬೆಳಿಗ್ಗೆ 9ಕ್ಕಿಂತ ಮೊದಲು, ಸಂಜೆ 6ರ ನಂತರ ವಸೂಲಿಗೆ ಕಾಡಬಾರದು. ಕಿರುಸಾಲದ ವಸೂಲಿ ಕಿರುಕುಳ ತಡೆಯಲು ನಮ್ಮ ರಾಜ್ಯ ಸರ್ಕಾರ 2025ರಲ್ಲಿ ಬೇರೆ ಕಾಯಿದೆಯನ್ನೇ ತಂದಿದೆ. ಅದರಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿಯವರೆಗೆ ದಂಡ ಇದೆ. ಆದರೆ ಕಾಯಿದೆ ತಾನಾಗಿ ನಡೆದು ಬರುವುದಿಲ್ಲ ಎಂಬುದನ್ನು ಹಿಂದಿನವರ ಕಥೆಯಲ್ಲಿ ಕೇಳಿದಿರಿ.

ಅದಕ್ಕೆ ಮೂರು ಕೆಲಸ ಹೇಳ್ತೀನಿ. ಒಂದು, ಸಂಘದ ಲೆಕ್ಕವನ್ನು ಒಬ್ಬರಿಗೇ ಬಿಡಬೇಡಿ. ಪ್ರತಿ ಸಭೆಯಲ್ಲಿ ಗಟ್ಟಿಯಾಗಿ ಓದಿಸಿರಿ. ಓದು ಬರದ ಅಕ್ಕನಿಗೂ ತನ್ನ ಉಳಿತಾಯ ಎಷ್ಟು, ಬಾಕಿ ಎಷ್ಟು ಬಾಯಿಪಾಠ ಇರಲಿ. ಎರಡು, ಹೊರಗಿನ ಸಾಲ ಇದ್ದವರು ಕಾರ್ಡು, ರಸೀದಿ ತಂದು ಸಭೆಯಲ್ಲಿ ತೋರಿಸಿರಿ. ಯಾರೂ ನಗಬೇಡಿ, ಕೂಡಿ ಲೆಕ್ಕ ಹಾಕಿರಿ. ಮೂರು, ಯಾರಾದರೂ ಮನೆ ಮುಂದೆ ಬಂದು ಕಿರುಕುಳ ಕೊಟ್ಟರೆ ಆ ತಾಯಿಯನ್ನು ಒಬ್ಬಳೇ ಬಿಡಬೇಡಿ. ಠರಾವು ಬರೆದು ಎಲ್ಲರೂ ಸಹಿ ಮಾಡಿ ಪೊಲೀಸ್ ಠಾಣೆಗೆ, ತಹಶೀಲ್ದಾರರ ಕಚೇರಿಗೆ ಕೂಡಿ ಹೋಗಿರಿ.

ಸುಪೆಯ ರೈತರು ಲೆಕ್ಕದ ಕಾಗದ ಸುಟ್ಟರು, ಯಾಕಂದರೆ ಅದು ಅವರದ್ದಾಗಿರಲಿಲ್ಲ. ನಿಮ್ಮ ಸಂಘದ ಪುಸ್ತಕ ನಿಮ್ಮದು. ಅದನ್ನು ಜೋಪಾನ ಮಾಡಿರಿ, ಮಕ್ಕಳಿಗೆ ತೋರಿಸಿರಿ.

ದೇವರು ನಿಮ್ಮೆಲ್ಲರ ದುಡಿಮೆಯನ್ನು ಹರಸಲಿ.