ಇಲ್ಲದ ಪುಸ್ತಕ ಹುಡುಕಿದ ಮಧ್ಯಾಹ್ನ

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಬಸ್ಸಿನ್ಯಾಗ ಕಿಟಕಿ ಸೀಟ್ ಹಿಡಿದು ಕೇಳ್ತಿರೋರಿಗೂ ಹಾಸ್ಟೆಲ್‌ನಲ್ಲಿ ಮಲಗಿ ಕೇಳ್ತಿರೋರಿಗೂ ಸ್ವಾಗತ. ನಾನು ಗದಗಿನ ಒಂದು ಕಾಲೇಜಿನ ಗ್ರಂಥಪಾಲಕ. ಎಐ ನಮ್ಮನ್ನ ಉದ್ಧಾರ ಮಾಡ್ತದೋ ಮುಳುಗಸ್ತದೋ ಅನ್ನೋ ವಾದ ಇವತ್ತು ಬೇಡ. ನಾಳೆ ಬೆಳಿಗ್ಗೆ ಕ್ಲಾಸಿನಲ್ಲಿ, ಆಫೀಸಿನಲ್ಲಿ ಅದನ್ನ ಹೆಂಗ ಬಳಸೋದು ಅನ್ನೋದಷ್ಟೇ ಮಾತಾಡೋಣ.

ಒಂದು ಘಟನೆ ಹೇಳ್ತೀನಿ. ಮುಂಡರಗಿ ಕಡೆಯ ಒಬ್ಬ ಹುಡುಗಿ ಚೀಟಿ ಹಿಡ್ಕೊಂಡು ಬಂದಳು. "ಸರ್, ಈ ಐದು ಪುಸ್ತಕ ಬೇಕಾಗ್ಯಾವ್ರಿ. ನಾಲ್ಕು ದಿನಕ್ಕ ವೈವಾ ಐತ್ರಿ." ವಿಷಯ ಕಣಗಿನಹಾಳದ ಸಹಕಾರ ಸಂಘ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ನಮ್ಮ ಗದಗ ತಾಲ್ಲೂಕಿನ ಆ ಹಳ್ಳಿಯಲ್ಲಿ ಸಂಘ ಶುರುವಾಯ್ತು. ದೇಶದ ಮೊದಲ ಸಹಕಾರ ಸಂಘ ಅಂತ ಹೆಸರು ಪಡೆದದ್ದು ಅದೇ.

ಚೀಟಿಯಲ್ಲಿ ಲೇಖಕರ ಹೆಸರು, ಪ್ರಕಾಶನ, ವರ್ಷ ಎಲ್ಲಾ ಚಂದಾಗಿ ಇತ್ತು. ಎರಡು ಪುಸ್ತಕ ಸಿಕ್ಕವು. ಉಳಿದ ಮೂರಕ್ಕೆ ಕಪಾಟು ತಡಕಾಡಿದೆ, ಬೇರೆ ಲೈಬ್ರರಿಗಳಿಗೆ ಫೋನ್ ಮಾಡಿದೆ. ಸಂಜೆ ನಾಲ್ಕಕ್ಕೆ ಹೊಳೀತು, ಆ ಪುಸ್ತಕಗಳನ್ನ ಯಾರೂ ಬರೆದೇ ಇಲ್ಲ. "ಈ ಪಟ್ಟಿ ಎಲ್ಲಿಂದ ತಂದಿ?" ಅಂದೆ. ಮೊಬೈಲ್ ತೋರಿಸಿದಳು. ಮುಖ ಸಣ್ಣದಾಗಿತ್ತು. "ಅದು ಸುಳ್ಳು ಹೇಳ್ತೈತೇನ್ರಿ ಸರ್?"

ಒಳ್ಳೆಯ ಪ್ರಶ್ನೆ ನೋಡ್ರಿ. ಅದಕ್ಕೆ ಸುಳ್ಳೂ ಗೊತ್ತಿಲ್ಲ, ಖರೇನೂ ಗೊತ್ತಿಲ್ಲ. ಒಂದು ಪದದ ಮುಂದೆ ಯಾವ ಪದ ಬರಬಹುದು ಅಂತ ಲೆಕ್ಕ ಹಾಕಿ ಬರೀತಾ ಹೋಗ್ತದೆ. ಅದು ಓದಿ ಕಲಿತ ಬರಹದಲ್ಲಿ ಇಂಗ್ಲಿಷ್ ರಾಶಿ ರಾಶಿ, ಕನ್ನಡ ಕಡಿಮೆ, ಕಣಗಿನಹಾಳ ಇನ್ನೂ ಕಡಿಮೆ. ಎಲ್ಲಿ ಓದಿದ್ದು ಕಡಿಮೆಯೋ ಅಲ್ಲಿ ಊಹೆ ಜಾಸ್ತಿ. ಆದರೆ ದನಿ ಮಾತ್ರ ಎರಡೂ ಕಡೆ ಒಂದೇ, ಗಟ್ಟಿ ದನಿ. ನಾವು ಮೋಸ ಹೋಗೋದು ಅಲ್ಲೇ.

"ನೇರ ಕಣಗಿನಹಾಳಕ್ಕೇ ಹೋಗವ್ವ" ಅಂದೆ. ಹೋದಳು. ಹಿರಿಯರನ್ನ ಮಾತಾಡಿಸಿ, ಅವರನ್ನ ಕೇಳಿಯೇ ರೆಕಾರ್ಡ್ ಮಾಡ್ಕೊಂಡು ಬಂದಳು. ಆಮೇಲೆ ಎಐ ಕೈಯಿಂದಲೇ ಆ ಮಾತನ್ನ ಬರಹಕ್ಕೆ ಇಳಿಸಿದ್ವಿ. ಎರಡು ದಿನದ ಕೆಲಸ ಸ್ವಲ್ಪ ಹೊತ್ತಿನಲ್ಲಿ ಆಯ್ತು. ಆದರೆ "ಎರಿ ಹೊಲ" ಅನ್ನೋದು "ಕೆರೆ ಹೊಲ" ಆಗಿತ್ತು, "ಕೂರಿಗೆ" ಹೋಗಿ "ಕುರ್ಚಿ" ಆಗಿತ್ತು. ರೈತನ ಮಗಳು, ಓದಿದ ಕೂಡಲೇ ನಕ್ಕಳು. "ಕುರ್ಚಿಲೆ ಯಾರ್ ಬಿತ್ತತಾರ್ರಿ ಸರ್?" ಆ ತಪ್ಪು ಹಿಡಿಯೋಕೆ ಬೇಕಾದ ಜ್ಞಾನ ಅವಳ ಮನೆಯಿಂದ ಬಂದಿತ್ತು.

ಅವತ್ತೇ ನಿರ್ಧಾರ ಮಾಡಿದೆ, ಶನಿವಾರ ಮಧ್ಯಾಹ್ನ ಎಲ್ಲರೂ ಕೂತು ಕಲಿಯೋಣ ಅಂತ. ವಿದ್ಯಾರ್ಥಿಗಳು, ಮೇಷ್ಟ್ರು, ಆಫೀಸಿನವರು, ಎಲ್ಲರೂ.

ಮೊದಲ ವಾರ ಒಂದೇ ಪ್ರಶ್ನೆ ಕೇಳಿಸಿದೆ. "ಗ್ರಾಮಸಭೆ ಎಷ್ಟು ತಿಂಗಳಿಗೊಮ್ಮೆ ನಡೀಬೇಕು?" ಒಬ್ಬೊಬ್ಬರ ಮೊಬೈಲಿನಲ್ಲಿ ಒಂದೊಂದು ಉತ್ತರ. ಒಂದರಲ್ಲಿ ಮೂರು ತಿಂಗಳು ಅಂತ ಬಂತು. ಅದು ಕೇರಳದ ನಿಯಮ. ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆ, 1993ರದು, ಆರು ತಿಂಗಳಿಗೊಮ್ಮೆಯಾದರೂ ನಡೀಬೇಕು ಅಂತದೆ. "ಕರ್ನಾಟಕದ ಕಾಯ್ದೆ" ಅಂತ ಸೇರಿಸಿ ಕೇಳಿದಾಗ ಉತ್ತರ ಸುಧಾರಿಸ್ತು. ಕಾಯ್ದೆಯ ಪಠ್ಯವನ್ನೇ ಕೊಟ್ಟು "ಇದರೊಳಗೆ ಹುಡುಕಿ ಹೇಳು" ಅಂದಾಗ ಇನ್ನೂ ಸರಿಯಾಯ್ತು. ಕೊನೆಗೆ ಕಾಯ್ದೆ ತೆಗೆದು ನಮ್ಮ ಕಣ್ಣಿಂದ ಓದಿದ್ವಿ. ಪಾಠ ಅಷ್ಟೇ ನೋಡ್ರಿ: ಊರು, ರಾಜ್ಯ, ವರ್ಷ ಹೇಳಿ ಕೇಳ್ರಿ, ಮೂಲ ಕೊಟ್ಟು ಕೇಳ್ರಿ, ಮೂಲಕ್ಕೆ ಹೋಗಿ ನೋಡ್ರಿ.

ಇದು ಗದಗಿಗೆ ಯಾಕೆ ಮುಖ್ಯ? ಇಲ್ಲಿ ನಾಗಾವಿಯಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್‌ಗಂತಲೇ ಒಂದು ವಿಶ್ವವಿದ್ಯಾಲಯ ಇದೆ, 2016ರ ಕಾಯ್ದೆಯಿಂದ ಹುಟ್ಟಿದ್ದು. ಇಂಥ ಓದು ಓದಿದವರು ನಾಳೆ ಪಂಚಾಯ್ತಿ ಕಟ್ಟೆಗೆ ಹೋಗ್ತಾರೆ. ಪರೀಕ್ಷೆಯಲ್ಲಿ ತಪ್ಪಿದರೆ ಎರಡು ಮಾರ್ಕ್ಸ್ ಹೋಗ್ತದೆ, ಪಂಚಾಯ್ತಿಯಲ್ಲಿ ತಪ್ಪಿದರೆ ಒಬ್ಬಳು ಅಜ್ಜಿಯ ಅರ್ಜಿ ಹೋಗ್ತದೆ.

ಎರಡನೇ ವಾರ ಆಫೀಸಿನ ಹಿರಿಯ ಗುಮಾಸ್ತರು ಎದ್ದು ನಿಂತರು. "ನಮ್ಮ ನೌಕರಿ ಹೊಕ್ಕೈತೇನ್ರಿ ಇದರಿಂದ?" ಯಾರ ನೌಕರಿ ಏನಾಗ್ತದೆ ಅಂತ ಮಾತು ಕೊಡೋಕೆ ನಾನ್ಯಾರು? ಎಐ ಬರೆದ ಸುತ್ತೋಲೆಯನ್ನ ಅವರ ಕೈಗೆ ಕೊಟ್ಟೆ. ಐದೇ ನಿಮಿಷದಲ್ಲಿ ಕೆಂಪು ಪೆನ್ನಿನಿಂದ ಏಳು ತಪ್ಪು ಹಾಕಿದರು. ಮೂವತ್ತು ವರ್ಷ ಸುತ್ತೋಲೆ ಬರೆದ ಕೈ ಅದು. ಈಗ ಕರಡು ಎಐದು, ಕೊನೆಯ ಸಹಿ ಅವರದು.

ಅವರಿಗೂ ನಿಮಗೂ ಒಂದೇ ಕಿವಿಮಾತು. ವಿದ್ಯಾರ್ಥಿಗಳ ಫೋನ್ ನಂಬರ್, ಆಧಾರ್, ಅಂಕಪಟ್ಟಿ ಇವನ್ನ ಯಾವ ಚಾಟ್‌ಬಾಟ್‌ಗೂ ಹಾಕಬ್ಯಾಡ್ರಿ. ಖಾಸಗಿ ಮಾಹಿತಿ ರಕ್ಷಣೆಗೆ 2023ರಲ್ಲೇ ದೇಶದಲ್ಲಿ ಕಾಯ್ದೆ ಆಗಿದೆ. ಕಾಯ್ದೆ ಇರಲಿ ಬಿಡಲಿ, ಅದು ಇನ್ನೊಬ್ಬರ ವಿಷಯ.

ಆ ಹುಡುಗಿ ಏನಾದಳು ಅಂತೀರಾ? ವೈವಾದಲ್ಲಿ ತಾನೇ ಹೇಳಿದಳಂತೆ: "ಇಷ್ಟು ಕೆಲಸಕ್ಕ ಎಐ ಬಳಸೀನ್ರಿ, ಈ ಮೂರು ಪುಸ್ತಕ ಇಲ್ಲ ಅಂತ ಗೊತ್ತಾಗಿ ಪಟ್ಟಿಯಿಂದ ತಗದೀನ್ರಿ." ಪಾಸಾದಳು. ಈಗ ಶನಿವಾರದ ಕ್ಲಾಸಿನಲ್ಲಿ ಕಿರಿಯರಿಗೆ ಅವಳೇ ಹೇಳಿಕೊಡ್ತಾಳೆ.

ನೀವೂ ಇವತ್ತು ಒಂದು ಕೆಲಸ ಮಾಡ್ರಿ. ನಿಮ್ಮೂರಿನ ಬಗ್ಗೆ, ನಿಮಗೆ ಚೆನ್ನಾಗಿ ಗೊತ್ತಿರೋ ಒಂದು ಪ್ರಶ್ನೆ ಎಐಗೆ ಕೇಳ್ರಿ. ಉತ್ತರವನ್ನ ಮನೆಯ ಹಿರಿಯರಿಗೆ ಓದಿ ತೋರಿಸ್ರಿ. ಅವರು ನಕ್ಕರೆ, ಯಾಕೆ ನಕ್ಕರು ಅಂತ ಕೇಳ್ರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಬರ್ತೀನ್ರಿ.