ಕಲ್ಲಿನ ಜೊತೆ ಒಂದು ಚೀಟಿ



ಕಲ್ಯಾಣದ ಕೇಳುಗರೊಬ್ಬರು ಬರೆದ ಪತ್ರ ಇವತ್ತಿನ ಮಾತಿಗೆ ಕಾರಣ. ಅವರ ಮಗನಿಗೆ ಹರಳು ಕೂಡಿಸುವ ಹುಚ್ಚು. ಯಾವುದೋ ಪ್ರದರ್ಶನದಲ್ಲಿ ಆಂಡಲೂಸೈಟ್ ಎಂಬ ರತ್ನ ನೋಡಿ ಬಂದಿದ್ದಾನೆ. ಅಂದಿನಿಂದ, "ನಮ್ಮ ಠಾಣೆ, ನವಿ ಮುಂಬಯಿಯಲ್ಲಿ ಇಷ್ಟೊಂದು ಗುಡ್ಡ ಒಡೆಯುತ್ತಾರಲ್ಲ, ಅಲ್ಲಿ ಇದು ಸಿಗುವುದಿಲ್ಲವೇ?" ಎಂದು ತಂದೆಯ ತಲೆ ತಿನ್ನುತ್ತಿದ್ದಾನಂತೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಸಿಗುವುದಿಲ್ಲ. ಆದರೆ ಆ ಹುಡುಗ ನಿರಾಶನಾಗುವ ಕಾರಣವೇನೂ ಇಲ್ಲ. ಅವನು ನಿಂತಿರುವ ನೆಲದಲ್ಲಿ ಸಿಗುವ ಹರಳುಗಳನ್ನು ನೋಡಲು ಲೋಕದ ದೊಡ್ಡ ದೊಡ್ಡ ಸಂಗ್ರಾಹಕರು ಬಾಯಿ ಬಿಡುತ್ತಾರೆ.

ಮೊದಲು ಆಂಡಲೂಸೈಟ್ ವಿಚಾರ. ಇದು ಅಲ್ಯುಮಿನಿಯಂ ಮತ್ತು ಸಿಲಿಕಾ ಸೇರಿದ ಖನಿಜ. ಸ್ಪೇನ್ ದೇಶದ ಆಂಡಲೂಸಿಯಾ ಪ್ರಾಂತ್ಯದ ಹೆಸರನ್ನು 1798ರಲ್ಲಿ ಇದಕ್ಕೆ ಇಟ್ಟರು. ತಮಾಷೆ ಏನೆಂದರೆ, ಹೆಸರಿಗೆ ಕಾರಣವಾದ ಕಲ್ಲು ಬಂದದ್ದು ಆಂಡಲೂಸಿಯಾದಿಂದಲ್ಲ, ಸ್ಪೇನಿನ ಬೇರೊಂದು ಭಾಗದಿಂದ! ಚೀಟಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇದೊಂದು ಹಳೆಯ ಉದಾಹರಣೆ. ಆ ಮಾತಿಗೆ ಆಮೇಲೆ ಬರುತ್ತೇನೆ. ಪಾರದರ್ಶಕವಾದ ಆಂಡಲೂಸೈಟನ್ನು ಒಂದು ಕಡೆಯಿಂದ ನೋಡಿದರೆ ಹಸಿರು, ತಿರುಗಿಸಿ ನೋಡಿದರೆ ಕೆಂಪುಮಿಶ್ರಿತ ಕಂದು. ಬ್ರೆಜಿಲ್ ಮತ್ತು ಶ್ರೀಲಂಕಾದಿಂದ ಒಳ್ಳೆಯ ರತ್ನಗಳು ಬರುತ್ತವೆ. ಇದರದೇ ಇನ್ನೊಂದು ರೂಪ ಚಿಯಾಸ್ಟೋಲೈಟ್. ಆ ಹರಳನ್ನು ಅಡ್ಡಕ್ಕೆ ಕೊಯ್ದರೆ ಒಳಗೆ ಕಪ್ಪು ಶಿಲುಬೆಯ ಆಕಾರ ಕಾಣುತ್ತದೆ. ಹರಳು ಬೆಳೆಯುವಾಗ ಇಂಗಾಲದ ಕಣಗಳು ಮೂಲೆಗಳಲ್ಲಿ ಸಿಕ್ಕಿಕೊಂಡು ಆದ ಗುರುತು ಅದು. ಸ್ಪೇನಿನ ಸಾಂತಿಯಾಗೊ ಯಾತ್ರಿಕರು ಅದನ್ನು ತಾಯಿತದಂತೆ ಕೊಂಡೊಯ್ಯುತ್ತಿದ್ದರು.

ಈ ಖನಿಜಕ್ಕೆ ಇಬ್ಬರು ಒಡಹುಟ್ಟಿದವರಿದ್ದಾರೆ: ಕಯನೈಟ್ ಮತ್ತು ಸಿಲಿಮನೈಟ್. ಮೂರರಲ್ಲೂ ಇರುವ ಸಾಮಗ್ರಿ ಒಂದೇ, ಪ್ರಮಾಣವೂ ಒಂದೇ. ನಮ್ಮ ಅಡುಗೆಮನೆಯಲ್ಲಿ ಒಂದೇ ಹಿಟ್ಟು ಹಬೆಯಲ್ಲಿ ಇಡ್ಲಿ, ಕಾವಲಿಯಲ್ಲಿ ದೋಸೆ, ಗುಳಿಯಲ್ಲಿ ಪಡ್ಡು ಆಗುತ್ತದಲ್ಲ, ಹಾಗೆ. ಜೇಡಿಮಣ್ಣಿನಿಂದಾದ ಶಿಲೆ ನೆಲದಾಳದಲ್ಲಿ ಬೇಯುವಾಗ ಒತ್ತಡ ಕಡಿಮೆ ಇದ್ದರೆ ಆಂಡಲೂಸೈಟ್, ಒತ್ತಡ ಹೆಚ್ಚಿದ್ದರೆ ಕಯನೈಟ್, ಶಾಖ ಬಹಳ ಹೆಚ್ಚಾದರೆ ಸಿಲಿಮನೈಟ್. ಹಾಗಾಗಿ ಬೆಟ್ಟದಲ್ಲಿ ಇವುಗಳಲ್ಲಿ ಯಾವುದು ಸಿಕ್ಕಿತು ಎಂಬುದರಿಂದ ಆ ನೆಲ ಎಷ್ಟು ಆಳಕ್ಕೆ ಹೋಗಿ ಬಂದಿದೆ ಎಂದು ಭೂವಿಜ್ಞಾನಿಗಳು ಲೆಕ್ಕ ಹಾಕುತ್ತಾರೆ. ನಮ್ಮ ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಿನ ಪುರಾತನ ಶಿಲೆಗಳಲ್ಲಿ ಕಯನೈಟ್ ಇದೆ. ನೀಲಿ ಛಾಯೆಯ, ಚಾಕುವಿನ ಅಲಗಿನಂಥ ಹರಳು. ಉದ್ದಕ್ಕೆ ಗೀರಿದರೆ ಮೆದು, ಅಡ್ಡಕ್ಕೆ ಗೀರಿದರೆ ಗಟ್ಟಿ! ರಜೆಗೆ ಆ ಕಡೆ ಹೋಗುವವರು ಮಗನಿಗೆ ಈ ಸಂಗತಿಯನ್ನಾದರೂ ಹೇಳಬಹುದು.

ಠಾಣೆಯಲ್ಲಿ ಯಾಕಿಲ್ಲ? ಇಲ್ಲಿ ಬೇಯಲು ಜೇಡಿಮಣ್ಣಿನ ಶಿಲೆಯೇ ಇರಲಿಲ್ಲ. ಮುಂಬ್ರಾ ಗುಡ್ಡ, ಪಾರ್ಸಿಕ್ ಗುಡ್ಡ, ಕಲ್ಯಾಣದಿಂದ ಕಾಣುವ ಮಲಂಗಗಡ, ಮಾಥೇರಾನ್, ಎಲ್ಲವೂ ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಅದರ ಆಚೀಚೆ, ನೆಲ ಬಿರಿದು ಹರಿದ ಲಾವಾದಿಂದ ಆದವು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಈ ಕರಿಕಲ್ಲು, ಅಂದರೆ ಬಸಾಲ್ಟ್, ಹೊದ್ದುಕೊಂಡಿದೆ. ನಮ್ಮ ಬೆಳಗಾವಿ, ವಿಜಯಪುರ, ಬೀದರ ಕಡೆಯವರಿಗೆ ಇದು ಮನೆಯ ಗೋಡೆಯ ಕಲ್ಲೇ. ಉಡುಪಿಯವರು ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಕಲ್ಲುಗಳನ್ನು ನೆನೆಯಬಹುದು. ಅವೂ ಲಾವಾ ತಣ್ಣಗಾಗಿ ಆದವೇ, ಆದರೆ ಇನ್ನೂ ಎರಡು ಕೋಟಿ ವರ್ಷ ಹಿಂದಿನ ಬೇರೆ ಕಥೆ.

ಲಾವಾ ಹರಿಯುವಾಗ ಅದರೊಳಗಿನ ಅನಿಲ ಗುಳ್ಳೆಗುಳ್ಳೆಯಾಗಿ ಮೇಲೇಳುತ್ತದೆ. ಮೇಲ್ಮೈ ಗಟ್ಟಿಯಾದಾಗ ಆ ಗುಳ್ಳೆಗಳು ಪೊಳ್ಳಾಗಿ ಒಳಗೇ ಉಳಿದುಬಿಡುತ್ತವೆ. ಕೆಲವು ಕಡಲೆಕಾಳಿನಷ್ಟು, ಕೆಲವು ಒಬ್ಬ ಮನುಷ್ಯ ಒಳಗೆ ಕೂರುವಷ್ಟು. ಆಮೇಲೆ ಬಿಸಿನೀರು ಕಲ್ಲಿನ ಸಂದುಗಳಲ್ಲಿ ಸುತ್ತಾಡಿ, ಕಲ್ಲಿನ ಸಾರವನ್ನು ಕರಗಿಸಿ ತಂದು, ಆ ಪೊಳ್ಳಿನ ಗೋಡೆಗಳ ಮೇಲೆ ನಿಧಾನವಾಗಿ ಹರಳುಗಟ್ಟಿಸಿತು. ಪೀಚ್ ಹಣ್ಣಿನ ಬಣ್ಣದ ಸ್ಟಿಲ್ಬೈಟ್, ನಡು ಕಟ್ಟಿದ ಹುಲ್ಲಿನ ಕಂತೆಯಂತೆ. ಹ್ಯೂಲಾಂಡೈಟ್. ಬಿಳಿ ಸೂಜಿಗಳ ಸ್ಕೋಲೆಸೈಟ್. ಇವೆಲ್ಲ ಜಿಯೊಲೈಟ್ ಗುಂಪಿನವು. ಅವುಗಳ ನಡುವೆ, ಆ ಗುಂಪಿಗೆ ಸೇರದಿದ್ದರೂ ಜೊತೆಗೇ ಬೆಳೆಯುವ ಅಪೋಫಿಲೈಟ್, ಗಾಜಿನಷ್ಟು ಸ್ವಚ್ಛ. ಕೆಲವೊಮ್ಮೆ ಎಳೆ ಹಸಿರು. ಜಿಯೊಲೈಟ್ ಎಂದರೆ ಗ್ರೀಕ್ ಭಾಷೆಯಲ್ಲಿ ಕುದಿಯುವ ಕಲ್ಲು. ಸ್ವೀಡನ್ನಿನ ಕ್ರೋನ್‌ಸ್ಟೆಟ್ 1756ರಲ್ಲಿ ಇಂಥ ಕಲ್ಲನ್ನು ಕಾಯಿಸಿದಾಗ ಒಳಗಿದ್ದ ನೀರು ಆವಿಯಾಗಿ ಕಲ್ಲು ಕುದಿದಂತೆ ಕಂಡಿತು, ಅದಕ್ಕೆ ಆ ಹೆಸರು. ಇದೇ ಗುಂಪಿನ, ಕಾರ್ಖಾನೆಯಲ್ಲಿ ಮಾಡಿದ ಜಿಯೊಲೈಟನ್ನು ನಾವು ಬಟ್ಟೆ ಒಗೆಯುವ ಎಷ್ಟೋ ಪುಡಿಗಳಲ್ಲಿ ಬೆರೆಸುತ್ತಾರೆ.

ಈ ಹರಳುಗಳು ಲೋಕಕ್ಕೆ ಕಾಣಿಸಿಕೊಂಡದ್ದಕ್ಕೂ ನಮ್ಮ ಲೋಕಲ್ ಟ್ರೇನಿಗೂ ಸಂಬಂಧವಿದೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿತು. ಮುಂದೆ ಹಳಿ ಕಲ್ಯಾಣಕ್ಕೆ ಬಂದು ಎರಡಾಗಿ ಒಡೆಯಿತು. ಇಂದು ಒಂದರಲ್ಲಿ ಕರ್ಜತ್ ಲೋಕಲ್, ಇನ್ನೊಂದರಲ್ಲಿ ಕಸಾರಾ ಲೋಕಲ್. ಎರಡೂ ಹೋಗಿ ಮುಟ್ಟುವುದು ಘಟ್ಟದ ಬುಡಕ್ಕೆ. ಭೋರ್ ಘಾಟಿನ ಕೆಲಸ 1856ರಲ್ಲಿ ಶುರುವಾಗಿ 1863ರಲ್ಲಿ ಮುಗಿಯಿತು. ಸಾವಿರಾರು ಕೂಲಿಗಳು ಕಾಲರಾ ಮತ್ತು ಅಪಘಾತಗಳಲ್ಲಿ ಅಲ್ಲೇ ಮಣ್ಣಾದರು. ಅವರು ಕಡಿದ ಬಂಡೆಯಲ್ಲಿ ಸಿಕ್ಕಿದ ಅಪೋಫಿಲೈಟ್, ಸ್ಟಿಲ್ಬೈಟ್‌ಗಳು ಯುರೋಪಿನ ಸಂಗ್ರಹಾಲಯಗಳ ಗಾಜಿನ ಕಪಾಟು ಸೇರಿದವು.

ಆಮೇಲೆ ಈ ಕೆಲಸ ಕಲ್ಲುಕೋರೆಗಳ ಪಾಲಿಗೆ ಬಂತು. ಮುಂಬಯಿಯ ಕಟ್ಟಡಗಳಿಗೆ ಜಲ್ಲಿ ಬೇಕು. ಮರಾಠಿಯಲ್ಲಿ ಖಡಿ ಎನ್ನುತ್ತಾರಲ್ಲ, ಅದೇ. ಕಾಂದಿವಲಿ, ಮಾಲಾಡ್ ಕಡೆಯ ಕೋರೆಗಳಿಂದ ತಿಳಿಹಸಿರು ಪ್ರೀನೈಟ್, ತಟ್ಟೆಯಂಥ ಗೈರೊಲೈಟ್, ಹತ್ತಿಯ ಉಂಡೆಯಂಥ ಒಕೆನೈಟ್ ಬಂದವು. ಉಪನಗರದ ಅಂಥ ಹಳೆಯ ಕೋರೆಗಳು ಹೆಚ್ಚಿನವು ಮುಚ್ಚಿವೆ, ಊರು ಅವುಗಳ ಮೇಲೆ ಬೆಳೆದಿದೆ. ಪುಣೆಯಾಚೆ ವಾಘೋಲಿಯ ಕೋರೆಗಳಲ್ಲಿ ಕಡುನೀಲಿ ಕಾವನ್ಸೈಟ್ ಸಿಕ್ಕಿತು. ಕ್ಯಾಲ್ಸಿಯಂ, ವೆನೇಡಿಯಂ, ಸಿಲಿಕೇಟ್ ಈ ಮೂರರ ತಲೆಯಕ್ಷರಗಳನ್ನು ಪೋಣಿಸಿ ಮಾಡಿದ ಹೆಸರು ಅದು. ಅಮೆರಿಕದ ಆರೆಗಾನ್‌ನಲ್ಲಿ ಸಿಕ್ಕಿದ ತುಣುಕುಗಳಿಂದ 1973ರಲ್ಲಿ ಮೊದಲು ವರ್ಣಿಸಿದ ಖನಿಜವಾದರೂ, ಕಣ್ಣು ತುಂಬುವಂಥ ಹರಳು ಕೊಟ್ಟದ್ದು ವಾಘೋಲಿಯೇ. ಇತ್ತ ನವಿ ಮುಂಬಯಿಯಲ್ಲಿ ತುರ್ಭೆ, ಪಾರ್ಸಿಕ್ ಗುಡ್ಡದ ಮಗ್ಗುಲನ್ನು ಕೋರೆಗಳು ತಿಂದದ್ದನ್ನು ಠಾಣೆ–ವಾಶಿ ಲೋಕಲಿನ ಕಿಟಕಿಯಿಂದಲೇ ಕಾಣಬಹುದು. 2025ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ನವಿ ಮುಂಬಯಿ ವಿಮಾನ ನಿಲ್ದಾಣಕ್ಕಾಗಿ ಉಲ್ವೆಯ ಗುಡ್ಡವನ್ನೇ ಸಿಡಿಸಿ ತಗ್ಗಿಸಿದರು. ಆ ಕಲ್ಲಿನ ಪೊಳ್ಳುಗಳಲ್ಲಿ ಏನೇನಿತ್ತೋ! ಕ್ರಷರಿನ ಬಾಯಿಗೆ ಹರಳೂ ಒಂದೇ, ಜಲ್ಲಿಯೂ ಒಂದೇ.

ಕ್ರಷರಿಗಿಂತ ಮೊದಲು ಹರಳನ್ನು ಕಾಣುವವರು ಒಬ್ಬರಿದ್ದಾರೆ. ಅವರೇ ಕಲ್ಲು ಒಡೆಯುವವರು. ಮಹಾರಾಷ್ಟ್ರದ ಕೋರೆಗಳಲ್ಲಿ ವಡಾರ್ ಸಮಾಜದವರು ಬಹಳ. ನಮ್ಮಲ್ಲಿ ಭೋವಿ, ವಡ್ಡರು ಎನ್ನುವ ಜನ ಇವರೇ. ಮನೆಯಲ್ಲಿ ತೆಲುಗಿನ ಒಂದು ರೂಪ, ಹೊರಗೆ ಕನ್ನಡ, ಮರಾಠಿ. ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಶಿವಯೋಗಿ ಸಿದ್ಧರಾಮರನ್ನು ಈ ಸಮಾಜ ಗುರುವೆಂದು ನಂಬುತ್ತದೆ. ಕೆರೆ ಕಟ್ಟಿಸಿದ ಶರಣರಲ್ಲವೇ ಅವರು. ಕಲ್ಲು ಮಣ್ಣಿನ ಜನಕ್ಕೆ ಅವರಿಗಿಂತ ಹತ್ತಿರದವರು ಇನ್ನಾರು?

ಕಾರ್ಯಕ್ರಮವೊಂದರ ಧ್ವನಿಮುದ್ರಣಕ್ಕೆಂದು ಹೋದಾಗ, ವಯಸ್ಸಾಗಿ ಕೋರೆಯ ಕೆಲಸ ಬಿಟ್ಟಿದ್ದ ಹಿರಿಯರೊಬ್ಬರು ಮಾತಿಗೆ ಸಿಕ್ಕಿದ್ದರು. ಕಲಬುರ್ಗಿ ಕಡೆಯವರು. ಒಳಗೆ ಹರಳಿದೆ ಎಂದು ನಿಮಗೆ ಹೇಗೆ ಗೊತ್ತಾಗುತ್ತಿತ್ತು ಎಂದು ಕೇಳಿದೆ. "ದನಿ ಕೇಳಿದ್ರ ತಿಳೀತದ್ರೀ ಅಕ್ಕಾರ. ಗಟ್ಟಿ ಕಲ್ಲಿಗಿ ಸುತ್ತಿಗಿ ಹಾಕಿದ್ರ ಠಣ್ ಅಂತದ. ಒಳಗ ಪೊಳ್ಳಿದ್ರ ದಬ್ ಅಂತದ. ಆಗ ಮೆಲ್ಲಕ ಹೊಡೀಬೇಕ್ರೀ" ಎಂದರು. ದನಿಯನ್ನೇ ನಂಬಿ ಅನ್ನ ಉಣ್ಣುವ ನನಗೆ ಆ ಮಾತು ಹಿಡಿಸಿತು. ಒಕೆನೈಟಿಗೆ ಅವರು "ಹತ್ತಿ" ಎಂದೇ ಹೇಳುತ್ತಿದ್ದರಂತೆ. ಹರಳಿಗೆ ಏನು ಸಿಗುತ್ತಿತ್ತು ಎಂದಾಗ ನಕ್ಕರು. "ಚಾಕ್ಕ ರೊಕ್ಕ ಕೊಡ್ತಿದ್ರು. ನಮ್ಮ ಲೆಕ್ಕ ಬ್ರಾಸಿನ ಮ್ಯಾಲರೀ." ಬ್ರಾಸ್ ಎಂದರೆ 100 ಘನ ಅಡಿ. ಜಲ್ಲಿ, ಮರಳು ಅಳೆಯುವ ಇಲ್ಲಿನ ಮಾಪು. ಹರಳು ಜೋಪಾನವಾಗಿ ಬಿಡಿಸುತ್ತ ಕೂತರೆ ಬ್ರಾಸ್ ತುಂಬುವುದಿಲ್ಲ, ಕೂಲಿ ಕಡಿಮೆಯಾಗುತ್ತದೆ. ಆದರೂ ಬಿಡಿಸಿದರು. ಇಂದು ಲೋಕದ ಕಪಾಟುಗಳಲ್ಲಿರುವ ದಖ್ಖನ್ನಿನ ಹರಳುಗಳು ಮುರಿಯದೆ ಹೊರಗೆ ಬಂದದ್ದು ಇಂಥ ಕೈಗಳಿಂದ. ಚೀಟಿಯ ಮೇಲೆ ಮಾತ್ರ ವ್ಯಾಪಾರಿಯ ಹೆಸರು, ಸಂಗ್ರಾಹಕರ ಹೆಸರು ಇರುತ್ತದೆ.

ಎಷ್ಟೋ ಸಲ ಊರಿನ ಹೆಸರೂ ಸರಿಯಿರುವುದಿಲ್ಲ. ಹಳೆಯ ಹರಳುಗಳ ಮೇಲೆ "ಪೂನಾ" ಎಂದು ಬರೆದಿರುತ್ತದೆ. ನಾಸಿಕದ್ದೂ ಪೂನಾ, ಜಳಗಾಂವ್‌ದ್ದೂ ಪೂನಾ, ಮುಂಬಯಿಯದ್ದೂ ಪೂನಾ. ಮಾಲು ಸಿಗುವ ಜಾಗ ಇನ್ನೊಬ್ಬರಿಗೆ ತಿಳಿಯಬಾರದೆಂದು ಬೇಕೆಂದೇ ಹೀಗೆ ಬರೆದವರೂ ಉಂಟು. ವ್ಯಾಪಾರಕ್ಕೆ ಅದು ಜಾಣತನ ಇರಬಹುದು. ನನ್ನ ದೃಷ್ಟಿಯಲ್ಲಿ ಮಾತ್ರ ಅದು ಕಲ್ಲಿನ ಅರ್ಧ ಬೆಲೆಯನ್ನು ಒರೆಸಿ ಹಾಕಿದಂತೆ. ಕೋರೆ ಮುಚ್ಚಿ ಅದರ ಮೇಲೆ ಇಪ್ಪತ್ತು ಮಹಡಿ ಎದ್ದ ಮೇಲೆ, ಆ ಗುಡ್ಡದ ಒಳಗೆ ಹೀಗಿತ್ತು ಎಂದು ಹೇಳಲು ಉಳಿಯುವುದು ಆ ಹರಳು ಮತ್ತು ಅದರ ಚೀಟಿ, ಎರಡೇ.

ಇನ್ನು ಆ ಹುಡುಗನಿಗೂ ಅವನಂಥವರಿಗೂ ಕೆಲವು ಮಾತು. ನಡೆಯುತ್ತಿರುವ ಕೋರೆಗೆ ಅನುಮತಿಯಿಲ್ಲದೆ ಕಾಲಿಡಬೇಡಿ. ಬ್ಲಾಸ್ಟಿಂಗ್ ಆದ ಗೋಡೆ ಯಾವಾಗ ಕುಸಿಯುತ್ತದೆಂದು ಅಲ್ಲೇ ದುಡಿಯುವವರಿಗೂ ಗೊತ್ತಿರುವುದಿಲ್ಲ. ರಾಷ್ಟ್ರೀಯ ಉದ್ಯಾನ, ಮೀಸಲು ಅರಣ್ಯಗಳಿಂದ ಒಂದು ಬೆಣಚುಕಲ್ಲನ್ನೂ ಎತ್ತಿಕೊಳ್ಳಬಾರದು. ಮೊದಲು ನೋಡಿ ಕಲಿಯುವುದೇ ಮೇಲು. ನಾಸಿಕದ ಹತ್ತಿರ ಸಿನ್ನರ್‌ನಲ್ಲಿ ನೌಕಾದಳದಲ್ಲಿದ್ದ ಕೆ. ಸಿ. ಪಾಂಡೆಯವರು ಕಟ್ಟಿದ ಗಾರಗೋಟಿ ಸಂಗ್ರಹಾಲಯವಿದೆ. ಶಿರಡಿಗೆ ಹೋಗುವ ನಮ್ಮವರು ಆ ಸಿನ್ನರ್ ದಾಟಿಯೇ ಹೋಗುತ್ತಾರೆ, ಒಂದು ಗಂಟೆ ಇಳಿದರೆ ನಷ್ಟವಿಲ್ಲ.

ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬೇಡಿ. ಒಕೆನೈಟ್ ಹುಟ್ಟಾ ಬಿಳಿ. ಗುಲಾಬಿ, ನೀಲಿ, ಗಿಳಿಹಸಿರು ಒಕೆನೈಟ್ ಉಂಡೆ ಕಂಡರೆ ಅದು ಬಣ್ಣದ ನೀರಿನಲ್ಲಿ ಅದ್ದಿದ್ದು. ಬಿಡಿ ಹರಳನ್ನು ಕಲ್ಲಿನ ಮೇಲೆ ಅಂಟಿಸಿ ಮಾರುವುದೂ ಉಂಟು. ಬುಡವನ್ನು ಭೂತಗನ್ನಡಿ ಹಿಡಿದು ನೋಡಿದರೆ ಅಂಟು ಹೊಳೆಯುತ್ತದೆ. ಆಂಡಲೂಸೈಟಿಗೆ "ಬಡವರ ಅಲೆಕ್ಸಾಂಡ್ರೈಟ್" ಎಂದು ಹೆಸರಿಟ್ಟು ಬೆಲೆ ಏರಿಸುತ್ತಾರೆ. ಅಲೆಕ್ಸಾಂಡ್ರೈಟ್ ಬಣ್ಣ ಬದಲಿಸುವುದು ಬೆಳಕು ಬದಲಾದಾಗ, ಅಂದರೆ ಹಗಲಿನ ಬೆಳಕಿನಿಂದ ದೀಪದ ಬೆಳಕಿಗೆ ಬಂದಾಗ. ಆಂಡಲೂಸೈಟ್ ಒಂದೇ ಬೆಳಕಿನಲ್ಲಿ, ನೋಡುವ ದಿಕ್ಕು ಬದಲಾದಾಗ. ಅಂಗಡಿಯಲ್ಲೇ ತಿರುಗಿಸಿ ಪರೀಕ್ಷಿಸಬಹುದು. ಗ್ರಹಶಾಂತಿಗೆಂದು ಕೊಳ್ಳುವವರ ನಂಬಿಕೆಗೆ ನಾನು ಕೈ ಹಾಕುವುದಿಲ್ಲ, ಆದರೆ ಬಿಲ್ಲಿನಲ್ಲಿ ಖನಿಜದ ಹೆಸರು ಬರೆಸಿಕೊಳ್ಳಿ.

ಮನೆಗೆ ತಂದ ಮೇಲೆ: ಒಕೆನೈಟನ್ನು ಮುಟ್ಟಬೇಡಿ, ಕೂದಲಿನಂಥ ಎಳೆಗಳು ಒತ್ತಿಕೊಂಡು ಮತ್ತೆ ಏಳುವುದಿಲ್ಲ. ಸ್ಟಿಲ್ಬೈಟ್ ಮೆದು, ಚಾಕುವಿನ ಮೊನೆಗೆ ಗೀರು ಬೀಳುತ್ತದೆ. ಲಾಮೊಂಟೈಟ್ ಒಣ ಗಾಳಿಯಲ್ಲಿ ನೀರು ಕಳೆದುಕೊಂಡು ಪುಡಿಯಾಗುತ್ತದೆ. ತೊಳೆಯುವುದಿದ್ದರೆ ತಣ್ಣೀರು, ಮೆದು ಬ್ರಷ್ ಸಾಕು. ಆಸಿಡ್ ಬೇಡವೇ ಬೇಡ.

ಹಾಗೆಯೇ, ತಂದ ದಿನವೇ ಒಂದು ಚೀಟಿ ಬರೆಯಿರಿ, ನಾಳೆಗೆ ಇಡಬೇಡಿ. ಖನಿಜದ ಹೆಸರು ಗೊತ್ತಿಲ್ಲದಿದ್ದರೆ ಜಾಗ ಖಾಲಿ ಬಿಡಿ, ಅದನ್ನು ಯಾರಾದರೂ ತಿಳಿದವರು ಆಮೇಲೆ ಹೇಳಿಯಾರು. ಊರು, ಕೋರೆ, ಗುಡ್ಡದ ಯಾವ ಮಗ್ಗುಲು, ತಾರೀಕು, ಇಷ್ಟನ್ನು ಖಾಲಿ ಬಿಡಬೇಡಿ. ಕೋರೆಯವರೇ ಕೈಗೆ ಕೊಟ್ಟಿದ್ದರೆ, ಅವರನ್ನು ಕೇಳಿ ಒಪ್ಪಿಗೆ ಪಡೆದು, ಅವರ ಹೆಸರನ್ನೂ ಬರೆಯಿರಿ. ಪೆನ್ಸಿಲಿನಲ್ಲಿ ಬರೆಯಿರಿ, ನಮ್ಮ ಡೊಂಬಿವಲಿಯ ಮಳೆಗಾಲಕ್ಕೆ ಶಾಯಿ ಹರಡುತ್ತದೆ, ಪೆನ್ಸಿಲ್ ಹರಡುವುದಿಲ್ಲ.